ಕೈ ಬೀಸುವ ಮನೆ

ದೋಣಿಯ ಮೋಟಾರು ಕೆಟ್ಟ ಮೇಲೆ ಗುನ್ವೋರ್ ಪೇಟೆಗೆ ಹೋಗಿಬರಬೇಕೆಂದರೆ ಬೇರೆಯವರ ದೋಣಿಯೇ ಗತಿಯಾಯಿತು. ಅವಳ ಮನೆಗೆ ರಸ್ತೆಯಿಲ್ಲ. ಮುಂದೆ ಫ್ಯೋರ್ಡಿನ, ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲಿನ, ಕಪ್ಪು ನೀರು, ಹಿಂದೆ ನೆತ್ತಿಯ ಮೇಲೇ ಬಾಗಿ ನಿಂತಂಥ ಬಂಡೆ. ನಡುವೆ ಅಂಗೈಯಗಲದ ಹುಲ್ಲುಗಾವಲು, ಬಿಳಿ ಬಣ್ಣದ ಮರದ ಮನೆ, ಆಡಿನ ಕೊಟ್ಟಿಗೆ. ಅರವತ್ತೆಂಟು ವರ್ಷದ ಅವಳು ಹುಟ್ಟಿದ್ದೂ ಅಲ್ಲಿಯೇ. ಅವಳು ಮದುವೆಯಾಗಲಿಲ್ಲ, ತಮ್ಮ ಯೋಸ್ತೈನನೂ ಆಗಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಇಬ್ಬರೇ ಆಡು ಕರೆದು, ಚೀಸು ಕಾಯಿಸಿ, ಸಣ್ಣಪುಟ್ಟದಕ್ಕೆಲ್ಲ ಜಗಳವಾಡಿಕೊಂಡು ಕಾಲ ಹಾಕಿದ್ದರು. ಈ ಮಾರ್ಚಿನಲ್ಲಿ, ಹಿಮ ಇನ್ನೂ ಕರಗಿರಲಿಲ್ಲ, ಕೊಟ್ಟಿಗೆಗೆ ಹುಲ್ಲು ಹೊತ್ತು ಹೋದ ಯೋಸ್ತೈನ್ ಹೊರೆಯ ಮೇಲೇ ಕುಸಿದು ಪ್ರಾಣಬಿಟ್ಟ. ಅವಳು ಹೋಗಿ ನೋಡುವಾಗ ಆಡುಗಳು ಅವನ ಸುತ್ತ ನಿಂತು ಆ ಹುಲ್ಲನ್ನೇ ಮೇಯುತ್ತಿದ್ದವು.

ಜುಲೈಯಲ್ಲಿ ಒಂದು ದಿನ ಮೋಟಾರಿನ ಬಿಡಿಭಾಗ ತರಲೆಂದು ಅವಳು ಅಂಚೆಯ ದೋಣಿಯಲ್ಲಿ ಪೇಟೆಗೆ ಹೋದಳು. ಮರಳುವಾಗ ಆರ್ನ್‌ಫಿನ್ ತನ್ನ ಪ್ರವಾಸಿ ದೋಣಿಯಲ್ಲಿ ಕರೆದುಕೊಂಡ. ಪಕ್ಕದ ಕವಲಿನ ಊರಿನವನು, ಯೋಸ್ತೈನನ ಗೆಳೆಯ. ಬೇಸಿಗೆಯಿಡೀ ಆ ದೋಣಿ ನಡೆಸುವುದು ಅವನ ಕೆಲಸ. ಅಂದು ಪೇಟೆಗೆ ಪ್ರವಾಸಿಗರ ದೊಡ್ಡ ಹಡಗೊಂದು ಬಂದಿದ್ದರಿಂದ ದೋಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುನ್ವೋರ್ ಹೊರಗಿನ ಮೂಲೆಯೊಂದರಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತಳು. ಯಾವ ದೇಶದವಳೋ ಒಬ್ಬಳು ಬಂದು, ಚಿತ್ರದಲ್ಲಿ ನೀವು ಬರುತ್ತೀರಿ, ಸ್ವಲ್ಪ ಸರಿಯಿರಿ ಎಂದು ನಗುನಗುತ್ತ ಸನ್ನೆ ಮಾಡಿದಳು. ಗುನ್ವೋರ್ ಸರಿದಳು.

ಮನೆ ಕಾಣಿಸುತ್ತಿದ್ದಂತೆ ಧ್ವನಿವರ್ಧಕ ಮಾತಾಡತೊಡಗಿತು. ಆ ಧ್ವನಿ ಅವಳಿಗೆ ಗೊತ್ತಿದ್ದದ್ದೇ. ಎಷ್ಟೋ ಬೇಸಿಗೆಗಳಿಂದ ದಿನವೂ ಅಂಗಳಕ್ಕೆ ಕೇಳುತ್ತಿತ್ತು. ಆದರೆ ಬಂಡೆಗೆ ಬಡಿದು ಮಾತೆಲ್ಲ ಪುಡಿಯಾಗಿ ಬರಿಯ ಸದ್ದಷ್ಟೇ ತಲುಪುತ್ತಿತ್ತು. ಇಂದು ಅಕ್ಷರ ಅಕ್ಷರವೂ ಕೇಳಿಸಿತು.

"ಎಡಗಡೆ ಬಂಡೆಯ ಬುಡದ ಬಿಳಿ ಮನೆ ನೋಡಿ. ಅಕ್ಕ ತಮ್ಮ ಇಬ್ಬರೇ ಇಲ್ಲಿ ಆಡು ಸಾಕಿಕೊಂಡು ಇದ್ದಾರೆ. ನೀವು ಕೈ ಬೀಸಿದರೆ ತಮ್ಮ ತನ್ನ ಕೆಂಪು ಟೋಪಿ ಬೀಸುತ್ತಾನೆ."

ಅದನ್ನೇ ಇಂಗ್ಲಿಷಿನಲ್ಲಿ, ಜರ್ಮನ್ನಿನಲ್ಲಿ, ಇನ್ಯಾವುದೋ ಭಾಷೆಯಲ್ಲಿ ಹೇಳಿತು. ಒಂದೊಂದು ಭಾಷೆ ಮುಗಿದಂತೆ ಒಂದಷ್ಟು ಕೈಗಳು ಮೇಲೆದ್ದವು. ಕೊನೆಗೆ ದೋಣಿಗೆ ದೋಣಿಯೇ ಅವಳ ಖಾಲಿ ಅಂಗಳಕ್ಕೆ ಕೈ ಬೀಸುತ್ತಿತ್ತು.

ಯೋಸ್ತೈನ್ ಟೋಪಿ ಬೀಸುತ್ತಿದ್ದುದನ್ನು ಅವಳು ಕಂಡಿದ್ದಳು, ಹಂಗಿಸಿಯೂ ಇದ್ದಳು. "ಟಿಕೆಟ್ ಇಟ್ಟು ತೋರ್ಸೋ ಕೋತಿ ಆಗ್ಬಿಟ್ಯಲ್ಲೋ" ಎಂದರೆ ಅವನು, "ಪಾಪ, ಎಷ್ಟು ದೂರದಿಂದ ಬಂದಿರ್ತಾರಕ್ಕ. ಒಂದ್ ಕೈ ಎತ್ತಿದ್ರೆ ನನ್ನ ಗಂಟೇನ್ ಹೋಗುತ್ತೆ?" ಎನ್ನುತ್ತಿದ್ದ. ತಾವಿಬ್ಬರೂ ದೋಣಿಯವರ ಕತೆಯೊಳಗೆ ಸೇರಿಹೋಗಿದ್ದೇವೆಂದು ಮಾತ್ರ ಅವಳಿಗೆ ತಿಳಿದಿರಲಿಲ್ಲ.

ಅಂಗಳದಿಂದ ಯಾರೂ ಕೈ ಎತ್ತಲಿಲ್ಲ. ಜನ ನಕ್ಕು ಜಲಪಾತದ ಕಡೆ ತಿರುಗಿದರು. ಒಬ್ಬ ಮುದುಕ ಮಾತ್ರ ಬಹಳ ಹೊತ್ತು ಕೈ ಎತ್ತಿಯೇ ಇದ್ದ. ಆಮೇಲೆ ಏನೋ ತಪ್ಪು ಮಾಡಿದವನಂತೆ ಮೆಲ್ಲಗೆ ಇಳಿಸಿ ಜೇಬಿಗೆ ಸೇರಿಸಿಕೊಂಡ.

ಕಟ್ಟೆಯಲ್ಲಿ ಅವಳನ್ನು ಇಳಿಸುವಾಗ ಆರ್ನ್‌ಫಿನ್ ಮುಖ ಎತ್ತಲಿಲ್ಲ. "ಆ ಮಾತು ತೆಗೀರಿ ಅಂತ ಆಫೀಸಿಗೆ ಎರಡು ಸಲ ಹೇಳ್ದೆ ಗುನ್ವೋರಕ್ಕ. ರೆಕಾರ್ಡ್ ಆಗಿರೋದು, ಸೀಸನ್ ಮುಗೀಲಿ ಅಂದ್ರು."

"ಸತ್ತೋನನ್ನ ದಿನಾ ಹೀಗೆ ಕರೀತಿದ್ರೆ ಎದ್ದು ಬರ್ತಾನೇನೋ?"

"ನಾಳೆಯಿಂದ ಇಲ್ಲಿ ಬಂದಾಗ ನಾನೇ ಅದನ್ನ ಆರಿಸಿಬಿಡ್ತೀನಿ" ಎಂದ.

ಹೇಳಿದಂತೆಯೇ ಮಾಡಿದ. ಮರುದಿನದಿಂದ ದೋಣಿ ಬಾಯಿ ಮುಚ್ಚಿಕೊಂಡು ಹಾದುಹೋಯಿತು. ನೆಮ್ಮದಿಯಾಗುತ್ತದೆಂದು ಅವಳು ಎಣಿಸಿದ್ದಳು, ಆಗಲಿಲ್ಲ. ಹುಲ್ಲು ಕೊಯ್ಯುತ್ತ, ಬೇಲಿಯ ತಂತಿಗಳ ಮೇಲೆ ಅದನ್ನು ಒಣಹಾಕುತ್ತ ಇದ್ದಾಗಲೂ ಅವಳ ಕಿವಿ ಆ ಪುಡಿಪುಡಿ ಸದ್ದಿಗಾಗಿ ಕಾಯುತ್ತಿತ್ತು. ಯಾರದೋ ಆಗಲಿ, ದಿನಕ್ಕೊಮ್ಮೆ ಆ ಬಂಡೆಗೆ ತಾಗುತ್ತಿದ್ದ ಮನುಷ್ಯರ ದನಿ ಅದೊಂದೇ ಆಗಿತ್ತು. ಒಂದು ದಿನ ಅವಳು ಕೈಯ ಕೆಲಸ ಬಿಟ್ಟು ಅಂಗಳದ ನಡುವೆ ಬಂದು ನಿಂತಳು. ದೋಣಿಯಲ್ಲಿ ಒಬ್ಬರೂ ಇತ್ತ ತಿರುಗಲಿಲ್ಲ. ಹೇಳುವವರೇ ಇಲ್ಲದ ಮೇಲೆ ಅವರಾದರೂ ಯಾಕೆ ತಿರುಗುತ್ತಾರೆ? ತಮ್ಮನ ಜೊತೆಗೆ ತನ್ನನ್ನೂ ಅಳಿಸಿಹಾಕಿದಂತೆ ಅವಳಿಗೆನಿಸಿತು.

ಸಂಜೆ ಆರ್ನ್‌ಫಿನ್‌ಗೆ ಫೋನು ಮಾಡಿದಳು. ತಂದ ಬಿಡಿಭಾಗ ಕೂರುತ್ತಿಲ್ಲ ಎಂದು ಶುರುಮಾಡಿ, ಹವೆಯ ಸುದ್ದಿ ಮಾತಾಡಿ, ಕೊನೆಗೆ, "ಈಗ ಯಾರೂ ಈ ಕಡೆ ನೋಡೋದೇ ಇಲ್ಲ ಕಣೋ" ಎಂದಳು.

ಅವನು ಬಾಯಿ ತೆರೆಯುವ ಮೊದಲೇ ತಾನೇ ಮುಂದುವರಿಸಿದಳು:

"ಬೇಡ ಅಂದೋಳು ನಾನೇ ಬಿಡು. ಸುಮ್ನೆ ಹೇಳ್ದೆ" ಎಂದು ಇಟ್ಟುಬಿಟ್ಟಳು.

ಭಾನುವಾರ ಅವನು ತನ್ನ ಸಣ್ಣ ದೋಣಿಯಲ್ಲಿ ಬಂದು ಮೋಟಾರು ಸರಿಮಾಡಿದ. ಅವಳು ಕಾಫಿ ಕಾಯಿಸಿ, ತೆಳ್ಳನೆಯ ರೊಟ್ಟಿಯ ಮೇಲೆ ಕಂದು ಚೀಸು ಹೆರೆದಿಟ್ಟಳು. ಯೋಸ್ತೈನನ ಕುರ್ಚಿ ಬಿಟ್ಟು ಅವನು ಕಿಟಕಿಯ ಬಳಿ ಕುಳಿತ. ಮಾತೆಲ್ಲ ಯೋಸ್ತೈನನದೇ: ಅವನ ಮೊಂಡುತನ, ಅವನು ಸುಡುತ್ತಿದ್ದ ಮೀನು, ಆಡಿಗೆ ಹೆದರಿ ಅವನು ನೀರಿಗೆ ಬಿದ್ದದ್ದು. ಗುನ್ವೋರ್ ನಕ್ಕಳು. ಮಾರ್ಚಿನ ನಂತರ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಪೇಟೆಯಲ್ಲಿ ಲಿಫ್ಟ್ ಇರುವ ಮನೆಗಳು ಖಾಲಿಯಿವೆ, ಚಳಿಗಾಲಕ್ಕಾದರೂ ಬಂದಿರಬಾರದೇ ಎಂದು ಅವನು ಕೇಳಿದ.

"ಆಡುಗಳನ್ನೂ ಲಿಫ್ಟಲ್ಲೇ ಹತ್ತಿಸ್ಲಾ?"

ಅವನು ಮತ್ತೆ ಆ ಮಾತೆತ್ತಲಿಲ್ಲ. ಹೊರಡುವಾಗ ಕಟ್ಟೆಯ ಮೇಲೆ ನಿಂತು ಕೇಳಿದ: "ಜನ ಕೇಳ್ತಾರಕ್ಕ, ಅದು ಯಾರ ಮನೆ ಅಂತ. ಏನ್ ಹೇಳ್ಲಿ?"

ಅವಳು ಯೋಚಿಸಿದಳು. "ಹೇಳೋಕೇನಿದೆ? ಒಬ್ಬ ಮುದುಕಿ, ಒಂದಿಷ್ಟು ಆಡು. ಅದನ್ನ ಕೇಳೋಕೆ ಯಾರು ದುಡ್ಡು ಕೊಟ್ಟು ಬರ್ತಾರೆ?"

ಮರುದಿನ ಮಧ್ಯಾಹ್ನಕ್ಕೆ ಮುಂಚೆ ದೋಣಿ ಬಂತು. ಮನೆಯ ನೇರಕ್ಕೆ ಬಂದಾಗ ಅದರ ವೇಗ ತಗ್ಗಿತು. ಧ್ವನಿವರ್ಧಕ ಗೊರಗೊರ ಎಂದಿತು. ಆಮೇಲೆ ಆರ್ನ್‌ಫಿನ್‌ನದೇ ಗಂಟಲು, ಬಂಡೆಗೆ ಬಡಿದರೂ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ, ಊರಿನ ಆಡುನುಡಿಯಲ್ಲಿ:

"ಗುನ್ವೋರಕ್ಕ. ಪಡುವಣದಲ್ಲಿ ಮೋಡ ಕಟ್ಟಿದೆ. ಸಂಜೆಗೆ ಮಳೆ. ಹುಲ್ಲು ಒಳಗೆ ಹಾಕು."

ಅಷ್ಟೇ. ಬೇರೆ ಯಾವ ಭಾಷೆಯಲ್ಲೂ ಹೇಳಲಿಲ್ಲ. ಪ್ರವಾಸಿಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನೋ ಮುಖ್ಯವಾದದ್ದೇ ಇರಬೇಕೆಂದು ಕೆಲವರು ಮನೆಯತ್ತ ತಿರುಗಿ, ಅಂಗಳದಲ್ಲಿ ನಿಂತಿದ್ದ ಹೆಂಗಸನ್ನು ನೋಡಿದರು.

ಗುನ್ವೋರ್ ಕೈ ಬೀಸಲಿಲ್ಲ. ಅದು ಅವಳಿಗೆ ಬರುತ್ತಿರಲಿಲ್ಲ. ದೋಣಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ತಂತಿಯ ಮೇಲಿನ ಹುಲ್ಲನ್ನು ಬಾಚಿ ಬಾಚಿ ಹೊತ್ತಳು. ಇಬ್ಬರ ಕೆಲಸ; ಒಬ್ಬಳೇ ಮಾಡುವಷ್ಟರಲ್ಲಿ ಬೆನ್ನು ಸೆಟೆದುಹೋಯಿತು. ಕೊನೆಯ ಹೊರೆ ಒಳಗೆ ಬೀಳುವ ಹೊತ್ತಿಗೆ ಕೊಟ್ಟಿಗೆಯ ಮಾಡಿನ ಮೇಲೆ ಹನಿ ಬಿತ್ತು. ಅವಳು ಬಾಗಿಲಲ್ಲಿ ಕುಳಿತು, ಆಚೆ ದಡ ಮಳೆಯಲ್ಲಿ ಮುಚ್ಚಿಹೋಗುವುದನ್ನು ನೋಡಿದಳು. ಆಡುಗಳು ಕೂಗುವವರೆಗೂ ಏಳಲಿಲ್ಲ.