ಕಾರ್ಡಿನ ಹಿಂದಿನ ನಂಬರು

ನಮ್ಮ ಹೊಲಿಗೆ ಅಂಗಡಿಯಲ್ಲಿ ಪರ್ಸಿನ ಮೂಲೆಮೂಲೆ ತಡಕಿದರೂ ಬ್ಯಾಂಕ್ ಕಾರ್ಡು ಸಿಗಲಿಲ್ಲ. ಅದನ್ನು ಬಂದ್ ಮಾಡಿಸಲೆಂದು ಮೊಬೈಲಿನಲ್ಲಿ ಹುಡುಕಿ, ಮೊದಲು ಕಂಡ ಗ್ರಾಹಕ ಸೇವೆಯ ನಂಬರಿಗೆ ಕರೆ ಮಾಡಿದೆ. ಹನ್ನೊಂದು ನಿಮಿಷ ಕಾಯಿಸಿ ಬರೀ ಕೊಳಲು ಕೇಳಿಸಿದರು. ಯಾರಿಗೆ ಬೇಕಿತ್ತು ಆ ಕೊಳಲು? ಕೊನೆಗೆ ಒಬ್ಬಳು "ಹೇಳಿ" ಎನ್ನುವಷ್ಟರಲ್ಲಿ ನನ್ನ ಕರೆನ್ಸಿ ಖಾಲಿಯಾಗಿ ಲೈನು ಕಟ್ಟಾಯಿತು.

ರವಿಕೆಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ನಾದಿನಿ ತಲೆಯೆತ್ತಿದಳು. "ಅದು ನಿಮಿಷಕ್ಕಿಷ್ಟು ಅಂತ ಕೀಳೋ ನಂಬರ್, ಅತ್ತಿಗೆ. ಕಾರ್ಡಿನ ಹಿಂದೇನೇ ಪುಕ್ಕಟೆ ನಂಬರ್ ಇರುತ್ತಲ್ಲ?"

"ಕಳೆದಿರೋದೇ ಕಾರ್ಡು ಕಣೆ."

"ಡೇಟು ಮುಗಿದ ಹಳೇದು ಇತ್ತಲ್ಲ?"

ಹೋದ ಜೀವ ಬಂದಂತಾಯಿತು. ಗುಂಡಿಗಳ ನಡುವಿನ ಅಂತರ ಅಳೆಯಲು ಅದನ್ನು ಸೀಮೆಸುಣ್ಣದ ಡಬ್ಬಿಯಲ್ಲೇ ಇಟ್ಟುಕೊಂಡಿದ್ದೆ. ತೆಗೆದು ತಿರುಗಿಸಿ ನೋಡಿದೆ. ಅಳತೆಯ ಗುರುತಿಗೆಂದು ನಾನೇ ಅಂಚಿನಲ್ಲಿ ಕತ್ತರಿಸಿದ್ದ ಕಚ್ಚು ನಂಬರಿನ ಕೊನೆಯ ಅಂಕಿಯನ್ನು ನುಂಗಿಹಾಕಿತ್ತು.

"ಒಂದೇ ಅಂಕಿ ತಾನೆ," ಎಂದು ನಾದಿನಿ ತನ್ನ ಫೋನು ಚಾಚಿದಳು. "ಸೊನ್ನೆಯಿಂದ ಒಂಬತ್ತರವರೆಗೂ ಹಾಕಿ ನೋಡು. ಹತ್ತರಲ್ಲಿ ಒಂದು ಬ್ಯಾಂಕಿನದೇ."

"ಮಿಕ್ಕ ಒಂಬತ್ತರಲ್ಲಿ ಬ್ಯಾಂಕಿನ ಹೆಸರು ಹೇಳೋ ಕಳ್ಳರವು ಎಷ್ಟು?"

ಅವಳು ಫೋನನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.