ಬದುಕಿದವರ ಹೆಸರಿನ ಬೇವು

ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಮಾನ್ವಿಯ ನಮ್ಮ ರಾತ್ರಿಶಾಲೆ ವಾರಕ್ಕೆ ಎರಡೇ ದಿನ ನಡೆಯುತ್ತಿತ್ತು. ಉಳಿದ ಸಂಜೆ ಸುಮ್ಮನಿರಲಾರದೆ ನಾನು, ಮಾರೆಪ್ಪ, ಇನ್ನಿಬ್ಬರು ಹುಡುಗರು ಓಣಿಯ ಹಿಂದಿನ ಪಾಳು ಜಾಗದಲ್ಲಿ ಬೇವಿನ ಸಸಿ ನೆಟ್ಟೆವು. ಜಾಗ ಸರ್ಕಾರದ್ದು. ಅಕ್ಕಿ ಗಿರಣಿಯ ಮರಿಸ್ವಾಮಿಯವರು ಹೊಟ್ಟು ಸುರಿಯಲು ಅದನ್ನೇ ಕೇಳಿದ್ದರು. ಅಮಾವಾಸ್ಯೆ ಕಳೆದ ಮೇಲೆ ಬಂದು ನೋಡುವುದಾಗಿ ತಹಶೀಲ್ದಾರರು ಹೇಳಿದರು: ಗಿಡ ಹಸಿರಾಗಿದ್ದರೆ ಜಾಗ ಓಣಿಗೆ, ಒಣಗಿದ್ದರೆ ಗಿರಣಿಗೆ.

ಓಣಿಯವರು ಒಂದು ಚೆಂಬು ನೀರೂ ಹಾಕಲಿಲ್ಲ. ಮೂಲೆಮನೆಯ ಬಡೇಬೀಯ ಆಡುಗಳು ಮಾತ್ರ ದಿನಾ ಬಂದು ಚಿಗುರು ತಿಂದು ಹೋದವು. ಒಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಗಿಡಗಳಿಗೆ ಓಣಿಯ ಹಿರಿಯರ ಹೆಸರಿಟ್ಟರೆ ಅಭಿಮಾನ ಬಂದೀತು ಅನ್ನಿಸಿತು. ಬುಡಕ್ಕೊಂದು ಚಪ್ಪಟೆ ಕಲ್ಲು ನಿಲ್ಲಿಸಿ, ಸುಣ್ಣ ಬಳಿದು, ಇದ್ದಿಲಿನಲ್ಲಿ ಹೆಸರು ಬರೆದೆ. ಮರಿಸ್ವಾಮಿಯವರು ನೊಂದುಕೊಂಡಾರೆಂದು ಅವರಿಗೂ ಒಂದು. ಅಕ್ಷರ ಓರೆಯಾಯಿತೆಂದು ಅಳಿಸಿ ಬರೆದೆ. ಮುಖ್ಯವಾದದ್ದು ಹೊಳೆಯಲೇ ಇಲ್ಲ.

ಬೆಳಿಗ್ಗೆ ಮಾರೆಪ್ಪ ಕಲ್ಲುಗಳನ್ನು ಓದಿ ಹೇಳಿದ್ದೇ ತಡ, ಓಣಿಯ ಹಿರಿಮುದುಕಿ ಗೋಪಮ್ಮ ಚೀರಿದಳು.

"ಲೇ ಯಂಕೋಬಾ! ನಾನಿನ್ನೂ ಅದೀನಿ, ಆಗಲೇ ಗೋರಿ ಕಟ್ಟಿ ಇಟ್ಟೀಯಲ್ಲೋ!"

"ಗೋರಿ ಅಲ್ಲ ಯವ್ವಾ, ಗಿಡ."

"ಕೆಳಗ ಮಣ್ಣು, ಮ್ಯಾಲ ಕಲ್ಲು, ಕಲ್ಲಿನ ಮ್ಯಾಲ ನನ್ನ ಹೆಸರು. ಇನ್ನ ಅಳೋರು ಬರೋದೊಂದೇ ಬಾಕಿ!"

ನಾನು ಗಾಬರಿಯಾಗಿ ಕಲ್ಲು ಕೀಳಲು ಬಾಗಿದೆ. ಅವಳು ಕೈ ಹಿಡಿದಳು. "ಮುಟ್ಟಬ್ಯಾಡ! ಕಿತ್ತರ ಇನ್ನೂ ಅಪಶಕುನ. ನನ್ನ ಜೀವ ಈಗ ಈ ಗಿಡದಾಗ ಅದ. ಒಣಗಿತೋ, ನಿನ್ನ ಮನಿ ಮುಂದನ ಬಂದು ಸಾಯ್ತೀನಿ."

ಅಂದಿನಿಂದ ಓಣಿಯ ಸ್ನಾನದ ನೀರೆಲ್ಲ ಬೇವಿನ ಬುಡಕ್ಕೆ. ಬಡೇಬೀ ಆಡುಗಳನ್ನು ಕಟ್ಟಿಹಾಕಿದಳು. "ಇಷ್ಟು ದಿನ ನನ್ನ ಆಡು ನನ್ನನ್ನ ತಿನ್ನಾಕತ್ತಿತ್ತಲ್ಲವ್ವಾ!"

ಮರಿಸ್ವಾಮಿಯವರ ಗಿಡಕ್ಕೆ ಮಾತ್ರ ಯಾರೂ ದಿಕ್ಕಿರಲಿಲ್ಲ, ಎಲೆ ಬಾಡಿತು. ನಾನು ಕದ್ದು ನೀರು ಹಾಕಿದೆ. ಒಂದೇ ಗಿಡ ಒಣಗಿದ್ದರೂ ತಹಶೀಲ್ದಾರರು ಅದನ್ನೇ ನೋಡಿಯಾರು. ಅದಕ್ಕಿಂತ ಹೆಚ್ಚಾಗಿ, ಮರಿಸ್ವಾಮಿಯವರಿಗೆ ನಿಜವಾಗಿಯೂ ಜ್ವರ ಬಂದರೆ? ಮಾರೆಪ್ಪ ಆಗಲೇ ಗಿರಣಿಗೆ ಹೋಗಿ, "ಸಾವಕಾರ್ರ, ಮೈ ಹುಷಾರದರೇನ್ರಿ? ನಿಮ್ಮ ಬೇವು ಬಾಡ್ಯದರೀ" ಎಂದು ವಿಚಾರಿಸಿ ಬಂದಿದ್ದ.

ತಹಶೀಲ್ದಾರರು ಬಂದ ದಿನ, ಧೋತರ ಮೇಲೆ ಕಟ್ಟಿಕೊಂಡು ಮರಿಸ್ವಾಮಿಯವರೇ ಕೊಡಪಾನದಿಂದ ನೀರು ಸುರಿಯುತ್ತಿದ್ದರು.

"ಹೊಟ್ಟು ಸುರಿಯೋ ಜಾಗಕ್ಕ ನೀರು ಯಾಕ್ರೀ, ಸಾವಕಾರ್ರ?"

"ಹೊಟ್ಟು ಬ್ಯಾರೆ ಕಡೆ ಹಾಕ್ತೀನ್ರೀ ಸಾಹೇಬ್ರ. ನನ್ನ ಮ್ಯಾಲೆ ನಾನ ಸುರಕೊಳ್ಳಾಕ ಆಗ್ತದೇನ್ರೀ?"

ಜಾಗ ಓಣಿಗೇ ಉಳಿಯಿತು. ಗೋಪಮ್ಮ ಸಂತೋಷಕ್ಕೆ, "ಸಾಹೇಬ್ರ ಹೆಸರಿಗೂ ಒಂದು ಕಲ್ಲು ನಿಲ್ಲಸೋ ಯಂಕೋಬಾ" ಎಂದಳು.

ನಾನು ಕಲ್ಲು ಹುಡುಕಿ ತರುವಷ್ಟರಲ್ಲಿ ಸಾಹೇಬರ ಟಾಂಗಾ ಓಣಿ ದಾಟಿತ್ತು.