ಅಂಗಳದಲ್ಲಿ ಕೇಳಿದ ಮಾಫಿ

ಅಣ್ಣನ ಕಫನಿನ ಬಟ್ಟೆ ಕತ್ತರಿಸಿಕೊಟ್ಟವಳು ಅವಳೇ. ಬೀದಿಯಲ್ಲಿ ಅವಳಿಗೆ 'ಕತ್ತರಿ' ಎಂದೇ ಹೆಸರು. ಶಾಲೆಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿ ಇಟ್ಟಿದ್ದಕ್ಕೆ ಅರ್ಧ, ನಾಲಿಗೆಗೆ ಇನ್ನರ್ಧ. ಬೆಳಿಗ್ಗೆ ಸಾವಿನ ಸುದ್ದಿ ಬಂದದ್ದೇ ಷಟರ್ ಎಳೆದು, ಬಿಳಿ ಬಟ್ಟೆಯ ಥಾನನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಮೂರು ತುಂಡುಗಳನ್ನು ಒಂದೆಳೆಯಷ್ಟೂ ಸೊಟ್ಟ ಹೋಗದಂತೆ ಕತ್ತರಿಸಿದಳು. ಅತ್ತಳು ಕೂಡ. ಎತ್ತಿ ಆಡಿಸಿದ ಅಣ್ಣ, ಅಳು ಬರದೆ ಇರುತ್ತದೆಯೇ? ಅದನ್ನು ಕಂಡ ನೆಂಟರು, ಸದ್ಯ, ಕತ್ತರಿ ಮೊಂಡಾಯಿತು ಎಂದು ಉಸಿರುಬಿಟ್ಟರು. ನೆಂಟರ ಅಂದಾಜು ಯಾವತ್ತು ಸರಿಹೋಗಿದೆ?

ಮೀಯಿಸಿ, ಕಫನು ಹೊದಿಸಿ, ಮಯ್ಯತ್ತನ್ನು ಅಂಗಳಕ್ಕೆ ತಂದರು. ಗಂಡಸರು ಅಂಗಳದಲ್ಲಿ, ಹೆಂಗಸರು ನಡುಮನೆಯ ಪರದೆಯ ಹಿಂದೆ. ಮೌಲವಿ ವಾಡಿಕೆಯಂತೆ ಕೇಳಿದರು: "ಇವರಿಂದ ಯಾರಿಗಾದ್ರೂ ಮಾತಿನಿಂದಲೋ ಕೈಯಿಂದಲೋ ನೋವಾಗಿದ್ರೆ, ಅಲ್ಲಾಹನಿಗೋಸ್ಕರ ಮಾಫ್ ಮಾಡಿಬಿಡಿ."

"ಮಾಫ್, ಮಾಫ್," ಎಂದು ವಾಡಿಕೆಯಂತೆ ಎಲ್ಲರೂ ಗೊಣಗಿದರು. ಯಾವುದನ್ನು ಮಾಫ್ ಮಾಡಿದಿರಿ ಎಂದು ಕೇಳಿದ್ದರೆ ಒಬ್ಬರಿಗೂ ಉತ್ತರ ಹೊಳೆಯುತ್ತಿರಲಿಲ್ಲ. ಹೆಗಲು ಕೊಡುವವರು ಬಗ್ಗಿದರು.

"ನಾನು ಮಾಡಲ್ಲ," ಎಂದಳು ಕತ್ತರಿ ಪರದೆಯ ಹಿಂದಿನಿಂದ, ಕಡ್ಡಿ ತುಂಡು ಮಾಡಿದ ಹಾಗೆ.

ಬಗ್ಗಿದವರು ಬಗ್ಗಿದಲ್ಲೇ ಉಳಿದರು.

ಕಾರಣ ಎಲ್ಲರಿಗೂ ಗೊತ್ತಿತ್ತು. ಒಂದು ಕಾಲದಲ್ಲಿ ಆ ಬೀದಿಯಲ್ಲಿ ಹೆಂಗಸರು ತೀರಿಕೊಂಡರೆ ಮೀಯಿಸಲು ಕತ್ತರಿಯನ್ನೇ ಕರೆಯುತ್ತಿದ್ದರು. ಮೈಮೇಲೆ ಕಂಡ ಬರೆ, ಬಾಸುಂಡೆ, ಹಳೆಯ ಸುಟ್ಟಗಾಯ, ಯಾವುದನ್ನೂ ಅವಳು ಹೊರಗೆ ಬಂದು ಆಡಿದ್ದಿಲ್ಲ. ಅಷ್ಟು ಹರಿತದ ನಾಲಿಗೆಗೆ ಅಲ್ಲಿ ಮಾತ್ರ ಬೀಗ. ಸತ್ತವರ ಗುಟ್ಟು ಮುಚ್ಚಿಟ್ಟವರ ಗುಟ್ಟನ್ನು ಅಲ್ಲಾಹ ಮುಚ್ಚಿಡುತ್ತಾನೆ ಎಂದು ನಂಬಿದವಳು ಅವಳು. ನಮಾಜಿನಲ್ಲಿ ತುಸು ಸೋಮಾರಿ. ನಾಳೆ ಅಲ್ಲಿ ತೋರಿಸಲು ನನ್ನ ಹತ್ತಿರ ಇರುವುದು ಇದೊಂದೇ ಎನ್ನುತ್ತಿದ್ದಳು.

ತಾಯಿ ಸತ್ತಾಗಲೂ ಅವಳೇ ಮೀಯಿಸಿದಳು. ಆಮೇಲೆ ನೋಡಿದರೆ ತಾಯಿಯ ಬಂಗಾರದ ಓಲೆಗಳಿಲ್ಲ. ಮೀಯಿಸುವ ಮೊದಲೇ ಕಿವಿ ಬರಿದಾಗಿತ್ತು ಎಂದು ಅವಳು ಹೇಳುವಷ್ಟರಲ್ಲಿ, ಇದೇ ಅಂಗಳದಲ್ಲಿ, ಇಷ್ಟೇ ಜನರೆದುರು ಅಣ್ಣ ಅಂದುಬಿಟ್ಟಿದ್ದ: "ಹೆಣದ ಕಿವಿ ಬಿಚ್ಚಿದವಳು." ಅಂದಿನಿಂದ ಯಾವ ಮನೆಯವರೂ ಅವಳನ್ನು ಮಯ್ಯತ್ತಿನ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕೋಟೆಯ ಬಾಗಿಲು ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ?

ಅಣ್ಣನ ಮಗ ಪರದೆಯ ಬಳಿ ಬಂದ. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಹೊಟ್ಟೆಗೆ ಹಾಕ್ಕೊಳ್ಳಿ. ಸತ್ತವರ ಮೇಲೆ ಎಂಥಾ ಸಿಟ್ಟು?"

"ಅವನು ಸತ್ತಿದಾನೆ ಕಣೋ, ಅವನಾಡಿದ ಮಾತು ಸತ್ತಿಲ್ಲ. ಬೀದಿ ತುಂಬ ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿದೆ."

ಕತ್ತರಿಯ ಚಿಕ್ಕಪ್ಪ ಸಿಡುಕಿದ. "ಹೆಂಗಸಿನ ಹಟಕ್ಕೆ ಮಯ್ಯತ್ ಕಾಯ್ಬೇಕಾ? ಮೌಲವಿಗಳೇ, ನೀವಾದ್ರೂ ಬುದ್ಧಿ ಹೇಳಿ."

"ಏನು ಹೇಳ್ಲಿ?" ಎಂದರು ಮೌಲವಿ. "ಅಲ್ಲಾಹನ ಹಕ್ಕನ್ನ ಅಲ್ಲಾಹ ಬಿಡಬಹುದು. ಮನುಷ್ಯರ ಹಕ್ಕನ್ನ ಆ ಮನುಷ್ಯರೇ ಬಿಡಬೇಕು, ಬಲವಂತ ಮಾಡೋಹಾಗಿಲ್ಲ. ಇವರು ಬಿಡದಿದ್ರೂ ನಮಾಜು ಆಗುತ್ತೆ, ದಫನೂ ಆಗುತ್ತೆ. ತೀರ್ಪು ಮಾತ್ರ ಕಿಯಾಮತ್ತಿನ ದಿನಕ್ಕೆ ಹೋಗುತ್ತೆ."

"ಹೋಗ್ಲಿ," ಎಂದಳು ಕತ್ತರಿ. "ಅಲ್ಲಿ ತಕ್ಕಡಿ ಇದೆ. ಅವನಾಡಿದ ಸುಳ್ಳಿಗೆ ಅವನ ಪುಣ್ಯ ನನ್ನ ತಟ್ಟೆಗೆ ಬೀಳುತ್ತೆ. ಒಂದು ಹೊತ್ತಿನ ನಮಾಜು ಬಿಟ್ಟವನಲ್ಲ ನಮ್ಮಣ್ಣ, ಹಜ್ಜೂ ಮಾಡಿದಾನೆ. ನನಗೆ ಹಜ್ಜಿನ ಯೋಗ ಇರ್ಲಿಲ್ಲ. ಕೂತಲ್ಲೇ ಸಿಗುತ್ತೆ ಬಿಡಿ."

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಅತ್ತಿಗೆ ಮಾತ್ರ ಬಿಳಿಚಿಕೊಂಡಳು. ಜೀವಮಾನವಿಡೀ ಗಳಿಸಿದ್ದನ್ನೆಲ್ಲ ತಂಗಿಗೆ ಸುರಿದು ಬರಿಗೈಯಲ್ಲಿ ನಿಂತ ಗಂಡ ಕಣ್ಣೆದುರು ಬಂದಿರಬೇಕು. ನಾದಿನಿಯ ಕೈ ಹಿಡಿದು, "ಏನು ಮಾಡಿದ್ರೆ ಬಿಡ್ತೀಯ, ಹೇಳು," ಎಂದಳು.

"ಅಂದ ಜಾಗದಲ್ಲೇ ಅಳಿಸ್ಬೇಕು. ಅವನ ಬಾಯಿ ಇನ್ನು ತೆರೆಯಲ್ಲ. ನಿಜ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳ್ಲಿ. ನಂಗೆ ಓಲೆ ಬೇಡ."

ಯಾರಿಗಾದರೂ ಗೊತ್ತಿದೆಯೇ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಅಣ್ಣ ಹೀಗೇ ಮಣ್ಣಿಗೆ ಹೋಗಿಬಿಟ್ಟರೆ? ಗೋರಿಯಲ್ಲಿ ಸವಾಲು ಕೇಳುವ ಇಬ್ಬರು ಮಲಕುಗಳ, ಆ ದೇವದೂತರ ಮುಂದೆ ಒಬ್ಬನೇ ಕೂತರೆ? ಆದರೆ ಮನಸ್ಸಿನಲ್ಲಿಲ್ಲದ ಮಾಫಿಯನ್ನು ಬಾಯಲ್ಲಿ ಅಂದರೆ ಮೇಲಿನವನಿಗೆ ತಿಳಿಯದೆ ಹೋಗುತ್ತದೆಯೇ? ಅವಳು ಹಲ್ಲು ಕಚ್ಚಿ ಕೂತಳು.

ಅತ್ತಿಗೆ ಎದ್ದಳು. ಪರದೆ ಸರಿಸಿ ಹೊಸ್ತಿಲ ಮೇಲೆ ನಿಂತಳು.

"ಓಲೆ ಇವಳು ತೆಗೀಲಿಲ್ಲ. ಅತ್ತೆ ಆಸ್ಪತ್ರೆಯಲ್ಲಿದ್ದಾಗಲೇ ನಮ್ಮನೆಯವರು ಬಿಚ್ಕೊಂಡಿದ್ರು. ಮಗಳ ಮದುವೆಗೆ ಕರಗಿಸಿದ್ವಿ. ತಂಗಿ ಪಾಲು ಕೇಳ್ತಾಳೆ ಅಂತ ಅವಳ ಮೇಲೇ ಹಾಕಿದ್ರು. ನಂಗೆ ಗೊತ್ತಿತ್ತು."

ಕತ್ತರಿ ಗೋಡೆ ಹಿಡಿದುಕೊಂಡು, "ಇನ್ನೊಂದ್ಸಲ ಹೇಳು," ಎಂದಳು. "ಹಿಂದೆ ನಿಂತವರಿಗೆ ಕೇಳಿಸ್ಲಿಲ್ಲ."

ಅತ್ತಿಗೆ ಅಳುತ್ತಲೇ ಇನ್ನೊಮ್ಮೆ ಹೇಳಿದಳು, ಈ ಸಲ ಬೀದಿಗೇ ಕೇಳುವ ಹಾಗೆ. ಚಿಕ್ಕಪ್ಪ ನೆಲ ನೋಡಿದ.

ಕತ್ತರಿ ಮಯ್ಯತ್ತಿನ ಬಳಿ ಹೋದಳು. ಯಾರೂ ತಡೆಯಲಿಲ್ಲ. "ಅಣ್ಣಾ, ಮಾಫ್. ಮನಸಾರೆ. ಇಲ್ಲೂ ಬಿಟ್ಟೆ, ಅಲ್ಲೂ ಬಿಟ್ಟೆ. ನಿನ್ನ ಪುಣ್ಯ ನಿನಗೇ ಇರ್ಲಿ, ಹೋಗಪ್ಪ," ಎಂದು ಗೊಳೋ ಎಂದು ಅತ್ತಳು. ಗಂಡಸರು ಹೆಗಲು ಕೊಟ್ಟರು. ಕಲಿಮಾ ಹೇಳುವ ದನಿಗಳು ಬೀದಿಯ ತಿರುವು ದಾಟಿದವು.

ಆಗ ಅತ್ತಿಗೆ ಅವಳನ್ನು ತಬ್ಬಿಕೊಂಡಳು. "ನನ್ನನ್ನೂ ಮಾಫ್ ಮಾಡಿದೆ ತಾನೆ?"

ಕತ್ತರಿ ಮೂಗೊರೆಸಿಕೊಂಡಳು.

"ನಿಂಗ್ಯಾಕೆ ಅವಸರ? ನೀನಿನ್ನೂ ಬದುಕಿದೀಯ. ಇದ್ದತ್ತು ಅಂತ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಕೂತಿರ್ತೀಯ, ನಿನ್ನ ನೋಡೋಕೆ ಬೀದಿ ಹೆಂಗಸರೆಲ್ಲ ಬರ್ತಾರೆ. ಬಂದವರಿಗೆಲ್ಲ ಇದನ್ನೇ ಹೇಳು. ಯಾವ ಮನೆಯವರಾದ್ರೂ ಬಂದು, ನಮ್ಮಮ್ಮನ್ನ ಮೀಯಿಸೋಕೆ ನೀನೇ ಬಾ ಅಂತ ನನ್ನ ಕರೀತಾರಲ್ಲ, ಆವತ್ತು ಕೇಳು."